ಪಾಂಪ್ಲೆಟ್ ತಿದ್ದುತ್ತಾ ಡಿಸೈನ್ ಕಲಿಯಬಹುದಾ?

ಪ್ರಶ್ನೆ: ಅಕ್ಕನ ಹೊಲಿಗೆ ಕ್ಲಾಸಿಗೆ ನಾನೇ ಪಾಂಪ್ಲೆಟ್ ಮಾಡಿದೆ. ಎಲ್ಲಾ ವಿಷಯ ಹಾಕಿದ್ದೀನಿ, ಆದರೂ ಯಾರೂ ಓದ್ತಿಲ್ಲ. ಕೋರ್ಸಿಗೆ ಸೇರದೆ ಡಿಸೈನ್ ಕಲಿಯೋಕೆ ಆಗುತ್ತಾ? (ಪಾಂಪ್ಲೆಟ್ ಕಳಿಸಿದ್ದೇನೆ.)

ಉತ್ತರ: ಖಂಡಿತ ಆಗುತ್ತದೆ. ಹೊಸದು ಮಾಡಬೇಡಿ, ಇದನ್ನೇ ನಾಲ್ಕು ಸಲ ತಿದ್ದಿ, ಪ್ರತಿ ಸಲ ಬೇರೆ ಹೆಸರಲ್ಲಿ ಸೇವ್ ಮಾಡಿ.

ಎಲ್ಲಾ ಹಾಕಿದ್ದೀರಲ್ಲ, ಅದೇ ತೊಂದರೆ. ಐದು ಫಾಂಟ್, ಹಳದಿ ಮೇಲೆ ಕೆಂಪು ಅಕ್ಷರ, ಅದಕ್ಕೊಂದು ನೆರಳು ಬೇರೆ! ಎಲ್ಲವೂ ಒಟ್ಟಿಗೆ ಕೂಗಿದರೆ ಯಾವುದೂ ಕೇಳಿಸಲ್ಲ ಅಲ್ವಾ? ಮೊದಲು ಬಣ್ಣ ತೆಗೆದು ಬರೀ ಕಪ್ಪು ಬಿಳುಪಲ್ಲಿ ಮಾಡಿ. ‘ಹೊಲಿಗೆ ಕಲಿಯಿರಿ’ ಅನ್ನೋದು ದೊಡ್ಡದಾಗಿರಲಿ, ಆಮೇಲೆ ಸಮಯ, ಫೋನ್ ನಂಬರ್. ಗಣೇಶನ ಚಿತ್ರ ಇರಲೇಬೇಕು ಅಂತ ಅಕ್ಕ ಹಟ ಹಿಡಿದರೆ ಮೇಲೆ ಚಿಕ್ಕದಾಗಿ ಇಡಿ.

‘ಮಕ್ಕಳ ಫ್ರಾಕ್’ ಸಾಲು ನೋಡಿ. ಅಲ್ಲಿನ ಕ ಒತ್ತು ಕೆಳಗಿನ ‘ಬ್ಲೌಸ್’ನ ತಲೆಗೆ ಬಡಿಯುತ್ತಿದೆ. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಇಂಗ್ಲಿಷಿಗಿಂತ ಜಾಸ್ತಿ ಸಾಲಂತರ ಬೇಕು. ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಟ್ಟು ನೋಡಿ, ಸುಮ್ನೆ ಅಷ್ಟರಿಂದಲೇ ಹಾಳೆ ಉಸಿರಾಡುತ್ತದೆ. ಫಾಂಟ್ ಎರಡು ಸಾಕು. ತಲೆಬರಹಕ್ಕೆ ಬಾಲೂ ತಮ್ಮ, ಉಳಿದದ್ದಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಎರಡೂ ಉಚಿತ.

ಪ್ರೆಸ್ಸಿಗೆ ಕೊಡುವಾಗ ಎ5 ಅಂದರೆ 148×210 ಮಿ.ಮೀ., ಅಂಚು ಕತ್ತರಿಸೋಕೆ ಸುತ್ತ 3 ಮಿ.ಮೀ. ಹೆಚ್ಚುವರಿ, ಬಣ್ಣ ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಶಾಯಿಗಳ ಬಣ್ಣದ ಸೆಟ್ಟಿಂಗ್). ಅಕ್ಷರಗಳನ್ನು ಕರ್ವ್ಸ್ ಮಾಡಿಯೇ ಕೊಡಿ, ಅಂದರೆ ಪ್ರೆಸ್ಸಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡದಂತೆ ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಬದಲಿಸಿ. ನಾನೊಮ್ಮೆ ಮರೆತು, ಒತ್ತೆಲ್ಲ ಚೆಲ್ಲಾಪಿಲ್ಲಿಯಾದ 1000 ಪ್ರತಿ ಮನೆಗೆ ತಂದಿದ್ದೆ. ಅಕ್ಕಿ ಡಬ್ಬದ ಕೆಳಗೆ ಇನ್ನೂ ಇವೆ.