ನೆತ್ತಿಗೆ ಹತ್ತಿದ ಮೇಲೆ ಉಳಿದ ‘ಸುಂಯ್’ ಸದ್ದು

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ. ಐದು ದಿನಗಳ ಹಿಂದೆ ಹುರಿದ ಶೇಂಗಾ ತಿನ್ನುವಾಗ ನೆತ್ತಿಗೆ ಹತ್ತಿ ಒಂದೇ ಸಮನೆ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಸರಿಹೋಗಿ ಆಟಕ್ಕೆ ಮರಳಿದ. ಆದರೆ ಅಂದಿನಿಂದ ಉಸಿರು ಬಿಡುವಾಗ ‘ಸುಂಯ್’ ಎಂದು ಕೇಳಿಸುತ್ತಿದೆ. ಜ್ವರ, ನೆಗಡಿ ಇಲ್ಲ. ಹಿರಿಯರು ಕಫ ಎನ್ನುತ್ತಾರೆ. ಕಾದು ನೋಡಬಹುದೇ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಕಾಯಬೇಡಿ, ಇಂದೇ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಿ. ಇದ್ದಕ್ಕಿದ್ದಂತೆ ಬಂದ ಕೆಮ್ಮು, ಆಮೇಲೆ ಎಲ್ಲವೂ ಸರಿಹೋದಂತೆ ಕಂಡ ಬಿಡುವು, ಅದರ ಬೆನ್ನಿಗೇ ನಿಲ್ಲದ ಸದ್ದು – ನೀವು ಬರೆದಿರುವ ಈ ಕ್ರಮವು ಶೇಂಗಾದ ಚೂರೊಂದು ಶ್ವಾಸನಾಳದಲ್ಲಿ ಉಳಿದಿದೆಯೆಂಬ ಬಲವಾದ ಅನುಮಾನ ಹುಟ್ಟಿಸುತ್ತದೆ. ನೆತ್ತಿಗೆ ಹತ್ತಿತೆಂದು ನಾವು ತಲೆ ತಟ್ಟುತ್ತೇವೆ; ಆದರೆ ತುತ್ತು ಹೋಗಿರುವುದು ಮೇಲಕ್ಕಲ್ಲ, ಗಾಳಿಯ ದಾರಿಗೆ. ಚೂರು ಒಂದೆಡೆ ನೆಲೆಯಾದ ಮೇಲೆ ಕೆಮ್ಮು ದಣಿದು ಅಡಗುವುದುಂಟು. ಅದು ಗುಣವಾದ ಲಕ್ಷಣವಲ್ಲ.

ಉಸಿರಿನ ಸದ್ದು ಅಡಚಣೆ ಎಲ್ಲಿದೆಯೆಂಬುದರ ಸುಳಿವು ಕೊಡುತ್ತದೆ. ಮೂಗು ಅಥವಾ ಗಂಟಲಿನ ಹಿಂಭಾಗ ಕಟ್ಟಿದರೆ ಗೊರಕೆಯಂತೆ ಕೇಳಿಸುತ್ತದೆ. ಧ್ವನಿಪೆಟ್ಟಿಗೆಯ ಆಸುಪಾಸು ಕಿರಿದಾದರೆ ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು ಬರುತ್ತದೆ. ಇದನ್ನು ಸ್ಟ್ರೈಡರ್ ಎನ್ನುತ್ತೇವೆ. ಎದೆಯೊಳಗಿನ ನಾಳಗಳು ಉಸಿರು ಬಿಡುವಾಗ ಸಹಜವಾಗಿಯೇ ಕುಗ್ಗುವುದರಿಂದ, ಅಲ್ಲಿನ ಅಡಚಣೆ ಹೆಚ್ಚಾಗಿ ಆಗಲೇ ಕೇಳಿಸುತ್ತದೆ. ಇದು ವೀಜ್, ನಿಮ್ಮ ಮಗುವಿನಲ್ಲಿರುವಂಥದ್ದು. ಅಸ್ತಮಾದಲ್ಲಿ ಇದು ಎದೆಯ ಎರಡೂ ಕಡೆ ಕೇಳಿಸಿದರೆ, ಚೂರು ಸಿಕ್ಕಿಕೊಂಡಾಗ ಸಾಮಾನ್ಯವಾಗಿ ಒಂದೇ ಕಡೆ ಕೇಳಿಸುತ್ತದೆ. ಆದ್ದರಿಂದಲೇ ಎರಡೂ ಕಡೆ ಸ್ಟೆತೋಸ್ಕೋಪ್ ಇಟ್ಟು ಹೋಲಿಸಿ ನೋಡುವುದು ಅತ್ಯಗತ್ಯ.

ಎಕ್ಸ್-ರೇ ಸರಿಯಾಗಿದೆಯೆಂದು ಯಾರಾದರೂ ಹೇಳಿದರೂ ಅಷ್ಟಕ್ಕೇ ನಿಲ್ಲಬೇಡಿ. ಶೇಂಗಾ ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಕೆಲವೊಮ್ಮೆ ಗಾಳಿ ಒಳಗೆ ಹೋಗಿ ಹೊರಬರಲಾಗದೆ ಒಂದು ಕಡೆಯ ಶ್ವಾಸಕೋಶ ಉಬ್ಬಿರುವುದಷ್ಟೇ ಕಾಣುತ್ತದೆ. ಅನುಮಾನ ಬಲವಾಗಿದ್ದರೆ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ವಿಧಾನ) ಮಾಡಿ ಚೂರನ್ನು ತೆಗೆಯುತ್ತಾರೆ. ಇದು ಹೊಸ ವಿದ್ಯೆಯೇನಲ್ಲ: 1897ರಲ್ಲೇ ಜರ್ಮನಿಯ ಗುಸ್ಟಾವ್ ಕಿಲಿಯನ್ ಈ ಮಾರ್ಗದಿಂದ ರೋಗಿಯೊಬ್ಬರ ಶ್ವಾಸನಾಳದಲ್ಲಿದ್ದ ಮೂಳೆಯ ಚೂರನ್ನು ತೆಗೆದಿದ್ದರು. ತಡವಾದಷ್ಟೂ ಶೇಂಗಾದ ಎಣ್ಣೆಯಂಶದಿಂದ ನಾಳದ ಒಳಪದರ ಊದಿಕೊಳ್ಳುತ್ತದೆ, ಕೀವು ಮತ್ತು ನ್ಯುಮೋನಿಯಾದ ಅಪಾಯ ಹೆಚ್ಚುತ್ತದೆ. ನಾಳದ ಒಳವ್ಯಾಸ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಸುಮಾರು 16 ಪಟ್ಟಾಗುವುದರಿಂದ, ಮಗುವಿನ ಕಿರಿದಾದ ನಾಳದಲ್ಲಿ ಸ್ವಲ್ಪ ಊತವೂ ಬಹಳವೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸದ್ದು ಕಡಿಮೆಯಾಯಿತೆಂದು ಸಮಾಧಾನಪಡಬೇಡಿ. ಗಾಳಿ ಹರಿದರೆ ಮಾತ್ರ ಸದ್ದು. ಮಗು ಏದುಸಿರು ಬಿಡುತ್ತಲೇ ಇದ್ದು ಸದ್ದು ಮಾತ್ರ ಅಡಗಿದರೆ, ದಾರಿ ಪೂರ್ತಿ ಮುಚ್ಚುತ್ತಿರಬಹುದು. ತುಟಿ ನೀಲಿಯಾಗುವುದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ಅತಿಯಾದ ಮಂಪರು ಕಂಡುಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ಬಾಯಿಯೊಳಗೆ ಬೆರಳು ಹಾಕಿ ಹುಡುಕಬೇಡಿ, ಚೂರು ಇನ್ನೂ ಕೆಳಗಿಳಿಯಬಹುದು. ಅರಿವಳಿಕೆ ಬೇಕಾಗಬಹುದಾದ್ದರಿಂದ ಆಸ್ಪತ್ರೆಗೆ ಹೊರಟ ಮೇಲೆ ಮಗುವಿಗೆ ಏನನ್ನೂ ತಿನ್ನಿಸಬೇಡಿ. ವೈದ್ಯರ ಮುಂದೆ ಕೂತಾಗ ಸುಂಯ್ ಸದ್ದಿನ ಮಾತಿಗಿಂತ ಮೊದಲು, ಶೇಂಗಾ ತಿನ್ನುವಾಗ ನೆತ್ತಿಗೆ ಹತ್ತಿದ ಸಂಗತಿಯನ್ನು ಹೇಳಿ.