ಕಣ್ಣು ತೆರೆದೇ ಧ್ಯಾನ ಮಾಡಿ

ಮಂಗಳೂರಿನ ನಂತೂರು ಹತ್ತಿರ ಸ್ಕೂಟರ್ ಅಪಘಾತವಾಗಿ ಐದು ತಿಂಗಳಾಯಿತು, ಗಾಯ ಮಾಗಿದೆ, ಭಯ ಮಾತ್ರ ಹೋಗಿಲ್ಲ, ಧ್ಯಾನಕ್ಕೆ ಕುಳಿತು ಕಣ್ಣು ಮುಚ್ಚಿದ ಕೂಡಲೇ ಆ ಲಾರಿಯ ಹಾರ್ನ್ ಕೇಳುತ್ತದೆ ಎಂದು ಬರೆದಿದ್ದೀರಿ. ನಾನು ಮಾಡುವುದರಲ್ಲೇ ತಪ್ಪಿದೆಯಾ ಅಂತ ಕೇಳಿದ್ದೀರಿ. ಇಲ್ಲ, ನಿಮ್ಮದೇನೂ ತಪ್ಪಿಲ್ಲ. ನನಗೂ ಹೀಗೇ ಆಗಿತ್ತು.

ನಮ್ಮದು ಮಲ್ಪೆ, ಮೀನುಗಾರರ ಮನೆ. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆಗ ನಾಡದೋಣಿಯವರಿಗೇ ಕೆಲಸ. ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಬೆಳಿಗ್ಗೆ ಅಳಿವೆಬಾಗಿಲಿನಲ್ಲಿ ನಮ್ಮ ದೋಣಿ ಮಗುಚಿತು. ನಾನು ದೋಣಿಯ ಅಡಿಗೆ ಸಿಕ್ಕಿಕೊಂಡೆ. ಯಾರೋ ಕೈ ಹಿಡಿದು ಎಳೆದರು. ಜೊತೆಗಿದ್ದ ನನ್ನ ಭಾವ ಸಿಗಲಿಲ್ಲ.

ಆಮೇಲೆ ನಿದ್ದೆ ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕಡಲಿನ ಮೊರೆತ ಮನೆಯೊಳಗೇ ಕೇಳುತ್ತದೆ, ರಾತ್ರಿಯಿಡೀ ಎದ್ದು ಕೂರುತ್ತಿದ್ದೆ. ಚಿಕ್ಕಮ್ಮ ಪಾಪ, ಒಳ್ಳೆಯದಾಗಲಿ ಅಂತ ಒಂದು ಧ್ಯಾನ ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಣ್ಣು ಮುಚ್ಚಿಸಿದರು, ಉಸಿರನ್ನೇ ಗಮನಿಸಿ ಎಂದರು, ಸ್ಪೀಕರಿನಲ್ಲಿ ಅಲೆಗಳ ಸದ್ದು ಹಾಕಿದರು. ಬೇರೆಯವರಿಗೆ ಅದು ಹಾಯೆನಿಸಿರಬಹುದು. ನನಗೆ ಮತ್ತೆ ನೀರಿನ ಅಡಿಗೆ ಹೋದಂತಾಯಿತು. ಎದ್ದು ಹೊರಗೆ ಓಡಿದೆ. ಮನಸ್ಸು ಗಟ್ಟಿ ಮಾಡಿಕೊಂಡು ಕೂತೇ ಇರಿ ಎಂದು ಒಳಗೆ ಕರೆದರು. ಆ ಮಾತು ನನಗೆ ತುಂಬಾ ದಿನ ನೋವು ಕೊಟ್ಟಿತು. ನಿಮಗೆ ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ಕೇಳಬೇಡಿ.

ಕೊನೆಗೆ ಒಬ್ಬ ಮನೋವೈದ್ಯರ ಹತ್ತಿರ ಹೋದೆ. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ಉಸಿರು ಕಟ್ಟಿ ಬದುಕಿ ಬಂದವರಿಗೆ ಉಸಿರನ್ನೇ ನೋಡಿ ಅಂದ್ರೆ ಕಷ್ಟ ಆಗ್ತದೆ. ಅದು ಬಿಡಿ. ನಿಮ್ಮ ಕೈಗೆ ಯಾವ ಕೆಲಸ ಚೆನ್ನಾಗಿ ಗೊತ್ತುಂಟು?"

ಬಲೆ ಹೆಣೆಯುವುದು ಎಂದೆ. ಅದೇ ನನ್ನ ಧ್ಯಾನವಾಯಿತು. ಜಗಲಿಯಲ್ಲಿ ಕುಳಿತು, ಕಣ್ಣು ತೆರೆದುಕೊಂಡು, ಒಂದೊಂದೇ ಗಂಟು. ದಾರ ಬೆರಳಿಗೆ ಒತ್ತುವುದನ್ನು ಗಮನಿಸುವುದು. ಮನಸ್ಸು ಆ ಬೆಳಿಗ್ಗೆಗೆ ಓಡಿದರೆ ಮತ್ತೆ ದಾರಕ್ಕೆ ಕರೆದು ತರುವುದು. ಮೊದಲು ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ ಎಂದಿದ್ದರು.

ಹೀಗೇಕೆ ಎಂದು ಅವರೇ ವಿವರಿಸಿದ್ದರು. ಮೆದುಳಿನಲ್ಲಿ ಅಮಿಗ್ಡಾಲಾ ಎಂಬ ಸಣ್ಣ ಭಾಗ ಇದೆ, ಅಪಾಯ ಕಂಡರೆ ಎಚ್ಚರಿಸುವುದು ಅದರ ಕೆಲಸ. ದೊಡ್ಡ ಆಘಾತವಾದ ಮೇಲೆ ಅದು ಸಣ್ಣ ಸಣ್ಣದಕ್ಕೂ ಎಚ್ಚರಿಸುತ್ತದೆ. ಕಣ್ಣು ಮುಚ್ಚಿದಾಗ ಕೋಣೆ, ಕಿಟಕಿ, ಬೆಳಕು ಯಾವುದೂ ಕಾಣುವುದಿಲ್ಲ. ಎದೆ ಬಡಿತ ಮಾತ್ರ ಕೇಳುತ್ತದೆ. ಆ ದಿನವೂ ಎದೆ ಹೀಗೇ ಬಡಿದಿತ್ತಲ್ವಾ? ದೇಹಕ್ಕೆ ಅಂದು ಯಾವುದು, ಇಂದು ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ.

ನೀವು ಕುರ್ಚಿಯಲ್ಲಿ ಕುಳಿತುಕೊಳ್ಳಿ, ಬೆನ್ನು ಗೋಡೆಯ ಕಡೆ ಇರಲಿ. ಪಾದ ನೆಲಕ್ಕೆ ತಾಗಲಿ. ಕಣ್ಣು ತೆರೆದಿರಲಿ. ಪಾದದ ಕೆಳಗಿನ ತಂಪು, ಎದುರಿಗಿರುವ ಐದು ವಸ್ತು, ಅಡುಗೆಮನೆಯ ಸದ್ದು, ಇಷ್ಟನ್ನೇ ಎರಡು ನಿಮಿಷ ಗಮನಿಸಿ. ಹಾರ್ನ್ ಮತ್ತೆ ಬಂದರೆ ನಿಲ್ಲಿಸಿ, ಎದ್ದು ಮುಖಕ್ಕೆ ತಣ್ಣೀರು ಹಾಕಿ. ನಿಲ್ಲಿಸಿದರೆ ಸೋತಂತೆ ಅಲ್ಲ, ನಿಲ್ಲಿಸುವುದನ್ನು ನನಗೆ ಡಾಕ್ಟರೇ ಕಲಿಸಿದ್ದು. ಹತ್ತು ದಿನದ ಮೌನ ಶಿಬಿರಗಳಿಗೆ ಈಗಲೇ ಹೋಗಬೇಡಿ.

ಇನ್ನೊಂದು ಮಾತು. ಧ್ಯಾನ ಒಂದನ್ನೇ ನಂಬಿ ಕೂರಬೇಡಿ. ಇವತ್ತು ಆಸ್ಪತ್ರೆಗಳಲ್ಲಿ ಕಲಿಸುವ ಎಂಟು ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣವನ್ನಷ್ಟೇ ಗಮನಿಸುವ ಧ್ಯಾನ) ಕ್ರಮವನ್ನು ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ್ದು, ಹಳೆಯ ನೋವು, ದೀರ್ಘ ಕಾಯಿಲೆ ಇದ್ದವರಿಗಾಗಿ. ಆಘಾತದ ಚಿಕಿತ್ಸೆ ಬೇರೆಯೇ ಇದೆ. ಆ ನೆನಪನ್ನು ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವೇ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ ಇದೆ, ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಇಎಂಡಿಆರ್ ಎಂಬ ಚಿಕಿತ್ಸೆ ಇದೆ. ಧ್ಯಾನ ಅದರ ಜೊತೆಗೆ ಆಸರೆ. ನನಗೆ ನಿದ್ದೆ ಬಂದದ್ದು ಚಿಕಿತ್ಸೆ ಶುರುವಾದ ಮೇಲೆಯೇ.

ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ರಸ್ತೆಯನ್ನೇ ತಪ್ಪಿಸುವುದು ತಿಂಗಳು ಕಳೆದರೂ ಹೋಗದಿದ್ದರೆ ಡಾಕ್ಟರನ್ನು ನೋಡಬೇಕು. ನಿಮಗೆ ಐದು ತಿಂಗಳಾಗಿದೆ, ಇನ್ನು ಕಾಯಬೇಡಿ. ಮಂಗಳೂರಿನಲ್ಲಿ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ. ಹೊರಗೆ ಹೋಗಲು ಧೈರ್ಯ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಇಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದ ರಾತ್ರಿ ಇದ್ದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಮಾಡಿ, ಮನೆಯವರನ್ನೂ ಎಬ್ಬಿಸಿ.

ಅಲೆಯ ಸದ್ದಿನ ಆಡಿಯೊ ನಾನು ಈಗಲೂ ಹಾಕುವುದಿಲ್ಲ. ಆದರೆ ಸಂಜೆ ಜಗಲಿಯಲ್ಲಿ ಬಲೆ ಹಿಡಿದು ಕುಳಿತಾಗ ಹಿಂದಿನಿಂದ ಕಡಲು ಕೇಳುತ್ತಿರುತ್ತದೆ, ಕುಳಿತಿರಲು ಆಗುತ್ತದೆ. ಜುಲೈಯಲ್ಲಿ ಕೆಲವು ದಿನ ಆಗುವುದಿಲ್ಲ, ಆಗ ಒಳಗೆ ಬಂದುಬಿಡುತ್ತೇನೆ. ನೀವು ಎರಡು ನಿಮಿಷ ಮಾಡಿ ನೋಡಿ, ಹೇಗಾಯಿತು ಎಂದು ಇಲ್ಲೇ ಬರೆಯಿರಿ.