ಅಮ್ಮನ ಉಗುರಿನ ಗೆರೆಗೆ ಕ್ಯಾಲ್ಸಿಯಂ ಬೇಕೇ?

ಅಮ್ಮನಿಗೆ 62 ವರ್ಷ, ಶಿರಸಿ ಹತ್ತಿರ ಮನೆ, ಅಡಿಕೆ ಸುಲಿಯುತ್ತಾರೆ, ಉಗುರುಗಳಲ್ಲಿ ಉದ್ದ ಗೆರೆ ಎದ್ದಿವೆ, ಹತ್ತೂ ಬೆರಳಲ್ಲಿ ಒಂದೊಂದು ಅಡ್ಡ ಹಳ್ಳವೂ ಇದೆ, ಕ್ಯಾಲ್ಸಿಯಂ ಮಾತ್ರೆ ಕೊಡಲೇ ಎಂದು ಕೇಳಿದ್ದೀರಿ. ಉಗುರಿಗೋಸ್ಕರ ಬೇಡ. ಉಗುರನ್ನು ಗಟ್ಟಿ ಮಾಡುವುದು ಕೆರಾಟಿನ್ ಎಂಬ ಪ್ರೋಟೀನ್, ಕ್ಯಾಲ್ಸಿಯಂ ಅಲ್ಲ. ಬಿಳಿ ಚುಕ್ಕೆಗಳೂ ಸಾಮಾನ್ಯವಾಗಿ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು.

ಉದ್ದ ಗೆರೆ ತಲೆ ನರೆತಂತೆ, ವಯಸ್ಸಿನದು. ಉಜ್ಜಿ ನಯ ಮಾಡಲು ಹೋಗಬೇಡಿ, ಉಗುರು ತೆಳುವಾಗಿ ಸೀಳುತ್ತದೆ.

ಅಡ್ಡ ಹಳ್ಳದ ಕಥೆ ಬೇರೆ. ಜೋರು ಜ್ವರ, ದೊಡ್ಡ ಆಪರೇಷನ್‌ನಂಥ ಹೊತ್ತಿನಲ್ಲಿ ಉಗುರಿನ ಬುಡ ಕೆಲಸ ನಿಲ್ಲಿಸುತ್ತದೆ, ಆ ಜಾಗವೇ ಮುಂದೆ ಹಳ್ಳವಾಗಿ ಸರಿಯುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಸ್ಕೇಲ್ ಇಟ್ಟು ಬುಡದಿಂದ ಅಳೆಯಿರಿ. 9 ಮಿ.ಮೀ. ಇದ್ದರೆ ಹಳ್ಳ ಬಿದ್ದು ಮೂರು ತಿಂಗಳು, ಚರ್ಮದಡಿಯ ಭಾಗಕ್ಕೆ ಇನ್ನು ಕೆಲವು ವಾರ ಸೇರಿಸಿ. ಮಳೆಗಾಲದಲ್ಲಿ ಜ್ವರದಿಂದ ಮಲಗಿದ್ದರೆ ಲೆಕ್ಕ ಹೊಂದಬಹುದು. ಹತ್ತೂ ಬೆರಳಲ್ಲಿ ಒಂದೇ ಮಟ್ಟದಲ್ಲಿದ್ದರೆ ಅದು ಇಡೀ ದೇಹದ ಕಾಯಿಲೆಯ ಗುರುತು, ಒಂದೇ ಬೆರಳಲ್ಲಾದರೆ ಆ ಬೆರಳಿಗಾದ ಪೆಟ್ಟು. ಹಳ್ಳಕ್ಕೆ ಔಷಧಿ ಬೇಕಿಲ್ಲ, ಆರೇಳು ತಿಂಗಳಲ್ಲಿ ತುದಿಗೆ ಬಂದು ಕತ್ತರಿಸಿ ಹೋಗುತ್ತದೆ.

ಉಗುರು ಚಮಚದಂತೆ ಗುಳಿ ಬಿದ್ದು, ಒಂದು ಹನಿ ನೀರು ಹಾಕಿದರೆ ಜಾರದೆ ನಿಂತರೆ ಕಬ್ಬಿಣಾಂಶದ ಕೊರತೆಯ ಸಂಶಯ. ಹಿಮೋಗ್ಲೋಬಿನ್ ಜೊತೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಮುಟ್ಟು ನಿಂತ ವಯಸ್ಸಿನಲ್ಲಿ ಕೊರತೆ ಕಂಡರೆ ಮಾತ್ರೆ ನುಂಗಿ ಸುಮ್ಮನಾಗಬಾರದು, ಹೊಟ್ಟೆ-ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ನೋಡಿಸಲೇಬೇಕು.

ಎರಡು ತೋರುಬೆರಳುಗಳ ಉಗುರು-ಉಗುರು ಮುಖಾಮುಖಿ ಒತ್ತಿ ಹಿಡಿದರೆ ಬುಡದಲ್ಲಿ ಸಣ್ಣ ವಜ್ರಾಕಾರದ ಕಿಂಡಿ ಕಾಣಬೇಕು. ಅದು ಮುಚ್ಚಿ, ಬೆರಳ ತುದಿ ಊದಿದ್ದರೆ ಶ್ವಾಸಕೋಶ, ಹೃದಯ ತಪಾಸಣೆ ಮಾಡಿಸಿ.

ಅಡಿಕೆ ಸುಲಿದ ಕರೆಗೂ ಕೆಟ್ಟ ಕಪ್ಪಿಗೂ ವ್ಯತ್ಯಾಸ ತಿಳಿದಿರಲಿ. ಕರೆ ಮೇಲ್ಮೈಯದು. ಸುಲಿಯುವುದು ನಿಂತ ಮೇಲೆ ಬುಡದಿಂದ ಹೊಸ ಉಗುರು ಸ್ವಚ್ಛವಾಗಿ ಬರುತ್ತದೆ. ಬುಡದಿಂದ ತುದಿಗೆ ಉದ್ದಕ್ಕೆ ಹರಿದ ಕಪ್ಪು ಪಟ್ಟಿ ನಮ್ಮ ಬಣ್ಣದವರಲ್ಲಿ ಹಲವು ಬೆರಳುಗಳಲ್ಲಿ ಸಹಜ. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಪಕ್ಕದ ಚರ್ಮಕ್ಕೂ ಕಪ್ಪು ಹರಡಿದರೆ, ಚರ್ಮವೈದ್ಯರ ಬಳಿ ಹೋಗಲು ತಡ ಮಾಡಬೇಡಿ. ಅದು ಕ್ಯಾನ್ಸರ್ ಇರಬಹುದು.

ನಮ್ಮ ಕಡೆ ಹೆಚ್ಚು ಕಾಡುವುದು ಉಗುರುಸುತ್ತು. ಕಾರವಾರ-ಕುಮಟೆಯಲ್ಲಿ ಮೀನು ಕೊಯ್ಯುವವರಿಗೆ, ಘಟ್ಟದ ಮೇಲೆ ಹಸಿ ಅಡಿಕೆ ಸುಲಿಯುವವರಿಗೆ ದಿನವಿಡೀ ಒದ್ದೆ ಕೈ; ಬುಡದ ತೆಳು ಚರ್ಮ ಬಿಟ್ಟುಕೊಂಡು ನೀರು ಒಳನುಗ್ಗುತ್ತದೆ. ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು. ಒಳಗಿನದು ಒದ್ದೆಯಾದ ಕೂಡಲೇ ಬದಲಿಸಿ. ಬುಡದ ಚರ್ಮ ಕತ್ತರಿಸಬೇಡಿ. ಕೀವು ತುಂಬಿ ಬೆರಳು ಮಿಡಿಯುತ್ತಿದ್ದರೆ ನಿಂಬೆಹಣ್ಣು ಸಿಕ್ಕಿಸಿಕೊಂಡು ರಾತ್ರಿ ಕಳೆಯಬೇಡಿ, ಕೀವನ್ನು ವೈದ್ಯರೇ ತೆಗೆಯಬೇಕು. ಸಕ್ಕರೆ ಕಾಯಿಲೆ ಇದ್ದರಂತೂ ಅದೇ ದಿನ ಹೋಗಿ.

ವೈದ್ಯರ ಬಳಿ ಹೋಗುವಾಗ ಮದರಂಗಿ, ಬಣ್ಣ ಉಗುರಿನ ಮೇಲಿರಬಾರದು. ಕೂದಲು-ಉಗುರಿಗೆಂದು ಮಾರುವ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ, ಥೈರಾಯ್ಡ್ ಫಲಿತಾಂಶವನ್ನು ಅದು ತಪ್ಪಾಗಿ ತೋರಿಸಬಲ್ಲದು.